ಮೂರನೆಯ ಪೆಡಲ್

ಲೋಹಿತ್‌ಗೆ ಅಂಗಡಿಯಿಲ್ಲ. ಒಂದು ಫೋನು, ಹೆಗಲಿಗೊಂದು ರೆಕ್ಸಿನ್ ಚೀಲ, ಅಷ್ಟೆ. ಕೊಡಗಿನಲ್ಲಿ ಹಳೆಯ ಗಾಡಿ ಇಟ್ಟುಕೊಂಡವರು ಎಲ್ಲೂ ಸಿಗದ ಸಾಮಾನು ಬೇಕಾದಾಗ ಅವನಿಗೆ ಫೋನ್ ಮಾಡುತ್ತಾರೆ. ಅವನು ಬಸ್ಸು ಹತ್ತಿ ಹುಡುಕಿಕೊಂಡು ಹೋಗುತ್ತಾನೆ.

ಅವನ ಅಪ್ಪ ತಿಮ್ಮಯ್ಯ ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿದವರು. ಮಗನಿಗೆ ಮಣ್ಣು ಹಿಡಿಸಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಸುಂಟಿಕೊಪ್ಪದ ಜೀಪ್ ಸ್ಪೇರ್ಸ್ ಅಂಗಡಿಯೊಂದರ ಕೌಂಟರಿಗೆ ಸೇರಿದ. ಎಸ್ಟೇಟ್ ಜೀಪುಗಳ ಡ್ರೈವರುಗಳು ಬೆಳಿಗ್ಗೆಯೇ ಬಂದು ಸಾಲು ನಿಲ್ಲುತ್ತಿದ್ದ ಕಾಲ ಅದು. ಆಮೇಲೆ ಜನ ಮನೆಯಲ್ಲೇ ಕೂತು ಫೋನಿನಲ್ಲಿ ಸಾಮಾನು ತರಿಸಿಕೊಳ್ಳತೊಡಗಿದರು. ಅಂಗಡಿ ಮುಚ್ಚಿತು. ಫೋನಿನಲ್ಲೂ ಸಿಗದಿದ್ದದ್ದು ಲೋಹಿತ್‌ನ ಪಾಲಿಗೆ ಉಳಿಯಿತು. ಐವತ್ತು ಹತ್ತಿರವಾಗುವ ಹೊತ್ತಿಗೆ ಬಸ್ಸಿನ ಸೀಟಿನಲ್ಲಿ ಕೂತು ಕೂತು ಅವನ ಸೊಂಟ ಹಿಡಿದುಹೋಗಿತ್ತು.

ಪೊನ್ನಂಪೇಟೆಯ ದಿಗಂತ್ ಅವನನ್ನು ಕರೆಸಿದ್ದು ಒಂದೇ ಒಂದು ಸಾಮಾನಿಗಾಗಿ. ದಿಗಂತ್ ತೋಟ ಇದ್ದವರು, ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿ ನಡೆಯುವ ಕಾರ್ ರೇಸಿಗೆ ತಪ್ಪದೆ ಇಳಿಯುವವರು. ಅವರ ಶೆಡ್ಡಿನಲ್ಲಿ ಎರಡೇ ಬಾಗಿಲಿನ ಜಪಾನಿ ಸ್ಪೋರ್ಟ್ಸ್ ಕಾರೊಂದಿತ್ತು. ಆದರೆ ಅದು ಆಟೋಮ್ಯಾಟಿಕ್. ಬ್ರೇಕು, ಆಕ್ಸಿಲರೇಟರ್ ಎರಡೇ ಪೆಡಲ್, ಗೇರು ತಾನಾಗಿಯೇ ಬೀಳುತ್ತದೆ. ದಿಗಂತ್‌ಗೆ ಅದನ್ನು ಕೈಯಲ್ಲಿ ಗೇರ್ ಹಾಕುವ ಕಾರು ಮಾಡಬೇಕಿತ್ತು. ಗೇರ್‌ಬಾಕ್ಸ್ ಬೆಂಗಳೂರಿನಲ್ಲಿ ಸಿಕ್ಕಿತ್ತು. ಸಿಗದೆ ಉಳಿದದ್ದು ಕ್ಲಚ್ ಪೆಡಲ್ಲು, ಅದನ್ನು ಡ್ಯಾಶ್‌ಬೋರ್ಡಿನ ಒಳಗೆ ಹಿಡಿದು ನಿಲ್ಲಿಸುವ ಕಬ್ಬಿಣದ ಬ್ರಾಕೆಟ್ಟು.

“ಲೇತ್‌ನಲ್ಲಿ ಮಾಡಿಸಬಹುದು ಸರ್,” ಎಂದಿದ್ದ ಗೋಣಿಕೊಪ್ಪದ ಮೆಕ್ಯಾನಿಕ್ ಚಿನ್ನ.

“ಬೇಡ. ಕಂಪನಿಯದ್ದೇ ಆಗ್ಬೇಕು,” ಎಂದರು ದಿಗಂತ್. “ತಿರುವಿನಲ್ಲಿ ಅದು ಮುರಿದ್ರೆ ಕಾರಿನ ಜೊತೆ ನಾನೂ ಹೋಗ್ತೇನೆ. ಲೋಹಿತ್, ನಿಮಗೆ ಸಿಕ್ಕೇ ಸಿಗ್ತದೆ.”

ಸಿಗಲಿಲ್ಲ. ಲೋಹಿತ್ ಕೊಯಮತ್ತೂರಿನ ಗುಜರಿಗಳಲ್ಲಿ ಬಿಸಿಲಿಗೆ ಅಲೆದ. ಬೆಂಗಳೂರಿನಲ್ಲಿ ಒಬ್ಬರು ಇನ್ನೊಬ್ಬರ ಹೆಸರು ಹೇಳಿದರು, ಆ ಇನ್ನೊಬ್ಬರು ಮೊದಲಿನವರ ಹತ್ತಿರವೇ ಕೇಳಿ ಎಂದರು. ತ್ರಿಶ್ಶೂರಿನ ವ್ಯಾಪಾರಿ ಕಳಿಸಿದ ಫೋಟೋ ಸರಿಯಾಗಿತ್ತು. ಹೋಗಿ ನೋಡಿದರೆ ಬ್ರಾಕೆಟ್ಟು ನಡುವೆ ಸೀಳಿ ಬೆಸುಗೆ ಹಾಕಿಸಿಕೊಂಡಿತ್ತು. ಕೊನೆಗೆ ದುಬೈನಲ್ಲಿದ್ದ ಪರಿಚಯದವರ ಮೂಲಕ ಒಂದನ್ನು ತರಿಸಿದ. ತಿಂಗಳುಗಟ್ಟಲೆ ಕಾದ ಮೇಲೆ ಅದು ಬಂತು. ಪೊಟ್ಟಣ ಬಿಚ್ಚಿದ ಚಿನ್ನ ಅದನ್ನು ಅತ್ತಿತ್ತ ತಿರುಗಿಸಿ ನೋಡಿ, “ಲೋಹಿತಣ್ಣ, ಇದು ಎಡಗಡೆ ಸ್ಟೇರಿಂಗಿನ ಕಾರಿಂದು,” ಎಂದ.

ಅವತ್ತು ಮನೆಗೆ ಬಂದವನು ಚೀಲವನ್ನೂ ಇಳಿಸದೆ ಜಗಲಿಯ ಮೇಲೆ ಕೂತುಬಿಟ್ಟ. ಹೆಂಡತಿ ಮಾನಸ ಬಿಸಿನೀರಿನ ಚೀಲ ತಂದು ಸೊಂಟಕ್ಕೆ ಒತ್ತಿಟ್ಟಳು.

“ರೀ, ಅದು ಸಿಕ್ಕಿದ್ರೆ ಅವರು ಕಾರ್ ಓಡಿಸ್ತಾರೆ. ನಿಮಗೇನು ಸಿಗುತ್ತೆ?”

“ಹುಡುಕೋದು ನಿಲ್ಲುತ್ತೆ,” ಎಂದ ಲೋಹಿತ್.

ಸುದ್ದಿ ಕೊಟ್ಟವನು ಕ್ರೇನ್ ಓಡಿಸುವ ಜವರಿ. ಹಿಂದೊಂದು ಮಳೆಗಾಲದಲ್ಲಿ ಶನಿವಾರಸಂತೆಯಲ್ಲಿ ನಿಲ್ಲಿಸಿದ್ದ ಕಾರೊಂದರ ಮೇಲೆ ಬಿದ್ದ ಮರವನ್ನು ಅವನೇ ಎತ್ತಿದ್ದ. ದಿಗಂತ್‌ರ ಕಾರಿನ ಫೋಟೋವನ್ನು ಲೋಹಿತ್‌ನ ಫೋನಿನಲ್ಲಿ ನೋಡಿದಾಗ ಅವನಿಗೆ ಅದು ನೆನಪಾಯಿತು. “ಇಂಥದ್ದೇ ಕಾರು ಕಣಣ್ಣ. ಮೇಲ್ಗಡೆ ಚಪ್ಪಟೆ ಆಗೋಗಿತ್ತು. ಮುಂದ್ಗಡೆ ಚೆನ್ನಾಗೇ ಇತ್ತು. ಕೈಯಲ್ಲಿ ಗೇರ್ ಹಾಕೋದೇ.”

ಮಾರನೆಯ ದಿನ ಲೋಹಿತ್ ಶನಿವಾರಸಂತೆಗೆ ಹೋದ. ಕಾರು ಮೆಣಸಿನ ವ್ಯಾಪಾರದ ರುದ್ರಮ್ಮನದು. ಗಂಡ ಚನ್ನಮಲ್ಲಪ್ಪ ತೀರಿಕೊಂಡ ಮೇಲೆ ಮಂಡಿಯನ್ನು ಅವರೇ ನಡೆಸುತ್ತಿದ್ದರು. ಗೋದಾಮಿನ ಅಂಗಳದಲ್ಲಿ, ಕರಿಮೆಣಸು ಹರವಿದ ಟಾರ್ಪಾಲಿನ ಪಕ್ಕದಲ್ಲೇ ಕಾರು ಕೂತಿತ್ತು. ಛಾವಣಿ ಸೀಟಿಗೆ ತಾಗುವಷ್ಟು ಕುಸಿದಿತ್ತು. ಲೋಹಿತ್ ಬಗ್ಗಿ ಒಡೆದ ಗಾಜಿನ ಒಳಗೆ ಟಾರ್ಚ್ ಹಾಕಿದ. ಮೂರು ಪೆಡಲ್. ಬಗ್ಗಿದ ಸೊಂಟ ಏಳಲೊಲ್ಲದೆ ಅವನು ಬಾಗಿಲು ಹಿಡಿದು ನಿಂತ.

“ಏನ್ ಬೇಕಾಗಿತ್ತು?” ಹಿಂದಿನಿಂದ ರುದ್ರಮ್ಮನ ದನಿ.

ಅವನು ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡು, “ಅಂಗಾದ್ರೆ ಕೊಡಲ್ಲ,” ಎಂದರು. “ಬಂದೋರೆಲ್ಲ ಹಿಂಗೇ. ಒಬ್ರು ಚಕ್ರ ಬೇಕು ಅಂತಾರೆ, ಇನ್ನೊಬ್ರು ಲೈಟು. ಬೇಕಾದ್ದು ಕಿತ್ಕಂಡು ಹೋಗ್ತೀರಿ. ಉಳಿದಿದ್ದು ನನ್ನ ಕಣ್ಮುಂದೆ ಬಿದ್ದಿರುತ್ತೆ.”

“ಅಕ್ಕ, ನಂಗೆ ಒಳಗಿಂದು ಒಂದೇ ಸಾಮಾನು. ಹೊರಗಡೆ ಏನೂ ಮುಟ್ಟಲ್ಲ.”

“ಕುತ್ಕಳಿ ಮೊದ್ಲು. ನಿಮ್ಗೆ ನಿಲ್ಲಕ್ಕೇ ಆಗ್ತಿಲ್ಲ.”

ಕಾಫಿ ಬಂತು. ಮೆಣಸಿಗೆ ಒಳ್ಳೆಯ ರೇಟು ಬಂದ ವರ್ಷ ಗಂಡ ಈ ಕಾರು ತಂದದ್ದು, ಇವರಿಗೆ ಓಡಿಸಲು ಕಲಿಸಿದ್ದು, ಆಮೇಲೆ ಅವರ ಕಾಯಿಲೆಗೆ ಹಾಸನದ ಆಸ್ಪತ್ರೆಗೆ ಇವರೇ ಇದರಲ್ಲಿ ಕರೆದುಕೊಂಡು ಹೋಗಿ ಬರುತ್ತಿದ್ದದ್ದು, ಎಲ್ಲವನ್ನೂ ರುದ್ರಮ್ಮ ಮೆಣಸಿನಲ್ಲಿನ ಕಡ್ಡಿ ಆರಿಸುತ್ತಲೇ ಹೇಳಿದರು.

“ಕ್ಲಚ್ಚು ಬಲೇ ಗಟ್ಟಿ. ಚಪ್ಪಲಿ ಬಿಟ್ಟು ಓಡಿಸ್ತಿದ್ದೆ. ಹಾಸನ ಮುಟ್ಟೋ ಹೊತ್ತಿಗೆ ಮೊಣಕಾಲು ಬಿದ್ದೋಗ್ತಿತ್ತು.” ಆರಿಸಿದ ಕಡ್ಡಿ ಅತ್ತ ಎಸೆದು ಕೇಳಿದರು: “ಅವ್ರ ಕಾರಲ್ಲಿ ಇಲ್ದೇ ಇರೋದು ಇದ್ರಲ್ಲಿ ಇದ್ಯಲ್ಲ. ಇದನ್ನೇ ರಿಪೇರಿ ಮಾಡ್ಕಂಡ್ರೆ ಆಗಲ್ವ?”

“ಅಡಿಯ ಚಾಸಿನೇ ಬಗ್ಗಿದೆ ಅಕ್ಕ. ಇದು ಇನ್ನು ರಸ್ತೆಗೆ ಇಳಿಯಲ್ಲ.”

ರುದ್ರಮ್ಮ ತಲೆಯಾಡಿಸಿದರು. ಅವರಿಗೆ ಅದು ಗೊತ್ತಿದ್ದಂತಿತ್ತು, ಬೇರೆಯವರ ಬಾಯಲ್ಲಿ ಕೇಳಬೇಕಿತ್ತು ಅಷ್ಟೆ. “ತಗಂಡೋಗದಾದ್ರೆ ಪೂರ್ತಿ ತಗಂಡೋಗಿ. ಅಂಗಳ ಖಾಲಿ ಮಾಡ್ಕೊಡಿ. ಇಲ್ಲಾಂದ್ರೆ ಬೇಡ.”

ಲೋಹಿತ್ ಅಲ್ಲಿಂದಲೇ ದಿಗಂತ್‌ಗೆ ಫೋನ್ ಮಾಡಿದ. ಪೆಡಲ್ ಸಿಕ್ಕಿತು ಎಂದ ಕೂಡಲೇ ಅವರು ಕೂಗಿಯೇಬಿಟ್ಟರು. ಉಳಿದದ್ದು ಕೇಳಿ ದನಿ ಇಳಿಯಿತು. “ನಾನು ಆ ಗುಜರಿ ಇಟ್ಕೊಂಡು ಏನ್ ಮಾಡೋದು ಲೋಹಿತ್? ಪೆಡಲ್ ಮಾತ್ರ ಬಿಚ್ಕೊಂಡು ಬನ್ನಿ. ಹೇಗಾದ್ರೂ ಮಾಡಿ.”

ಹೇಗಾದರೂ ಮಾಡುವುದು ಇಷ್ಟು ವರ್ಷ ಅವನ ಕೆಲಸವೇ ಆಗಿತ್ತು. ಹೆಂಗಸು ಒಳಗೆ ಹೋದಾಗ ಅರ್ಧ ಗಂಟೆಯಲ್ಲಿ ಬಿಚ್ಚಿಕೊಂಡು ಹೋಗಬಹುದಿತ್ತು. ಆದರೆ ಅವನು ಕಾಫಿ ಲೋಟ ಕೆಳಗಿಟ್ಟು, “ಪೂರ್ತಿ ತಗೊಂಡೋಗ್ತೀನಿ ಅಕ್ಕ. ಸ್ವಲ್ಪ ದಿನ ಕೊಡಿ,” ಎಂದ.

ಆ ಸ್ವಲ್ಪ ದಿನ ಸಲೀಸಾಗಿ ಕಳೆಯಲಿಲ್ಲ. ಪೆಡಲ್ ಬಿಚ್ಚಿ ಉಳಿದದ್ದನ್ನು ಗುಜರಿಗೆ ಹಾಕಬೇಕು, ಆದರೆ ರಿಜಿಸ್ಟ್ರೇಷನ್ ರದ್ದಾಗದೆ ಗುಜರಿಯವರು ಕಾರು ಮುಟ್ಟುವುದಿಲ್ಲ. ಅದಕ್ಕಾಗಿ ರುದ್ರಮ್ಮನ ಸಹಿ ಹಾಕಿಸಿಕೊಂಡು ಮಡಿಕೇರಿಯ ಆರ್‌ಟಿಒ ಕಚೇರಿಗೆ ಓಡಾಡಿದ. ದಿಗಂತ್ ದಿನವೂ ಫೋನ್ ಮಾಡಿ ಕೇಳುತ್ತಿದ್ದರು, ಇನ್ನೂ ಸ್ವಲ್ಪ ದಿನ ಎಂದು ದಿನವೂ ಅವನದು ಅದೇ ಉತ್ತರ. ಅಂತೂ ಒಂದು ಮಧ್ಯಾಹ್ನ ಜವರಿಯ ಕ್ರೇನ್ ಬರುವ ಮೊದಲು, ಲೋಹಿತ್ ಕುಸಿದ ಛಾವಣಿಯ ಕೆಳಗೆ ತೂರಿ, ತಲೆಯನ್ನು ಕಾರಿನ ನೆಲಕ್ಕೆ ಇಟ್ಟು ಅಂಗಾತ ಮಲಗಿದ. ನಟ್ಟುಗಳು ತುಕ್ಕು ಹಿಡಿದಿದ್ದವು. ತುಕ್ಕಿನ ಪುಡಿ ಕಣ್ಣಿಗೆ ಬೀಳುತ್ತಿತ್ತು. ಬ್ರಾಕೆಟ್ಟು ಕೈಗೆ ಬಂದಾಗ ಸಂತೋಷವಾಗಬೇಕಿತ್ತು. ಅವನಿಗೆ ಅಲ್ಲೇ ಕಣ್ಣು ಮುಚ್ಚಿ ಮಲಗಿರೋಣ ಎನ್ನಿಸಿತು.

ಹೊರಗೆ ಬಂದು ಪೆಡಲ್ಲನ್ನು ಬಟ್ಟೆಯಿಂದ ಒರೆಸಿದ. ರಬ್ಬರು ಎಡಗಡೆ ಮಾತ್ರ ಸವೆದು ನುಣ್ಣಗಾಗಿತ್ತು. ರುದ್ರಮ್ಮ ಅದನ್ನು ಕೈಗೆ ತೆಗೆದುಕೊಂಡು ನೋಡಿ ಹಿಂದಿರುಗಿಸಿದರು. ಕ್ರೇನ್ ಕಾರನ್ನು ಎತ್ತುವಾಗ ಅವರು ಹೊರಗೆ ಬರಲಿಲ್ಲ. ಅದು ಹೋದ ಮೇಲೆ ಬಂದು ಪೊರಕೆ ತೆಗೆದುಕೊಂಡು ಆ ಜಾಗ ಗುಡಿಸಿದರು. “ಒಳ್ಳೇದಾಯ್ತು ಬಿಡಿ,” ಎಂದರು. “ಊಟ ಮಾಡ್ಕಂಡೇ ಹೋಗಿ.”

ಚಿನ್ನ ಪೆಡಲ್ ಕೂರಿಸಿ ಕಾರು ಸಿದ್ಧ ಮಾಡಿದ ದಿನ ದಿಗಂತ್ ಲೋಹಿತ್‌ನನ್ನು ಪೊನ್ನಂಪೇಟೆಗೆ ಕರೆಸಿದರು. ಅವರ ಮುಖ ನೋಡಿದರೆ ಯಾರಿಗಾದರೂ ಖುಷಿಯಾಗುತ್ತಿತ್ತು.

“ಹತ್ತಿ ಲೋಹಿತ್. ಮೊದಲ ರೌಂಡ್ ನಿಮಗೇ.”

ಸೀಟು ನೆಲಕ್ಕೆ ತಾಗುವಷ್ಟು ತಗ್ಗಿನಲ್ಲಿತ್ತು. ಲೋಹಿತ್ ಕಾಲು ಚಾಚಿ ಒರಗಿದ. ಬಸ್ಸಿನಲ್ಲಿ ಯಾವತ್ತೂ ಸಿಗದ ಒರಗು, ಸೊಂಟಕ್ಕೆ ಸರಿಯಾಗಿ ಕೂತಿತು. ದಿಗಂತ್ ಕ್ಲಚ್ ತುಳಿದು ಗೇರ್ ಹಾಕಿದರು, ಇಂಜಿನ್ ಮೊರೆಯಿತು, ತೋಟದ ಬೇಲಿಗಳು ಹಿಂದಕ್ಕೆ ಓಡಿದವು. ಅವರು ಏನೇನೋ ಹೇಳುತ್ತಲೇ ಇದ್ದರು. ಗೋಣಿಕೊಪ್ಪ ಬಂದಾಗ ಯಾರೋ ಭುಜ ಅಲುಗಾಡಿಸಿದಂತಾಯಿತು.

“ಏನ್ರೀ, ನಿದ್ದೆ ಮಾಡ್ಬಿಟ್ರಾ?” ದಿಗಂತ್ ನಗುತ್ತಿದ್ದರು, ಸ್ವಲ್ಪ ನೊಂದೂ ಇದ್ದರು. “ಹೋಗ್ಲಿ. ಮುಂದಿನ ಕೆಲಸ ಹೇಳ್ತೇನೆ. ಈ ಕಾರಿಗೆ ಕಂಪನಿಯದ್ದೇ ರೇಸಿಂಗ್ ಸೀಟ್ ಬರ್ತಿತ್ತಂತೆ, ಕೆಲವೇ ಮಾಡಿದ್ರಂತೆ…”

“ಸರ್,” ಎಂದ ಲೋಹಿತ್. “ಬೇರೆ ಯಾರಿಗಾದ್ರೂ ಹೇಳಿ. ಕಾರು ಚೆನ್ನಾಗಿದೆ. ನನ್ ಕೈಲಿ ಆಗಲ್ಲ.”

ದಿಗಂತ್ ಮತ್ತೆ ಒತ್ತಾಯಿಸಲಿಲ್ಲ. ಬಸ್ ಸ್ಟ್ಯಾಂಡಿನ ಮುಂದೆ ಇಳಿಸಿ, ಕೈ ಕುಲುಕಿ ಹೋದರು. ಸಿದ್ದಾಪುರದ ಮೇಲೆ ಕುಶಾಲನಗರಕ್ಕೆ ಹೋಗುವ ಬಸ್ಸು ತುಂಬಿಯೇ ಬಂತು. ಲೋಹಿತ್ ಮೇಲಿನ ಸರಳು ಹಿಡಿದು ನಿಂತ. ಮಾನಸಳಿಗೆ ಫೋನ್ ಮಾಡಿ, ಬರುತ್ತಿದ್ದೇನೆ, ನಾಳೆ ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಿದ. ಸಿದ್ದಾಪುರದಲ್ಲಿ ಒಂದು ಸೀಟು ಖಾಲಿಯಾಯಿತು. ಅವನು ಕೂತ.