ಎಮ್ಮೆಯ ಕಿವಿಯ ನಂಬರ್ ಓದಿದ ಲೆನ್ಸ್

ಕೋವಿಡ್ ಕಳೆದ ಮರುವರ್ಷದ ಫೆಬ್ರುವರಿ. ಬೆಳಗಾವಿಯ ಮಹಾಂತೇಶ ನಗರದಲ್ಲಿ ನನ್ನದೊಂದು ಸಿಸಿಟಿವಿ ಅಂಗಡಿ. ಟಿವಿ ರಿಪೇರಿ ಬಿಟ್ಟು ಈ ಕೆಲಸ ಹಿಡಿದು ಆಗ ಹದಿನೆಂಟು ವರ್ಷವಾಗಿತ್ತು. ಶಹಾಪುರದ ಮಗ್ಗದ ಶೆಡ್ಡುಗಳಿಂದ ಹಿಡಿದು ಮದುವೆ ಹಾಲ್‌ಗಳವರೆಗೆ ಎಲ್ಲ ಕಡೆ ಕ್ಯಾಮರಾ ಕೂರಿಸಿದ್ದೆ. ಇನ್ನು ಕಲಿಯುವುದೇನೂ ಇಲ್ಲ ಎಂಬ ಧಿಮಾಕು ತಲೆಗೇರಿತ್ತು. ಅದನ್ನು ಇಳಿಸಿದವಳು ಖಾನಾಪುರದ ಹತ್ತಿರದ ಒಂದು ಹಳ್ಳಿಯ ಎಮ್ಮೆ ಕಾಯುವ ಹೆಂಗಸು.

ಆ ಹಳ್ಳಿಯ ರೈತ ಶಿವಲಿಂಗಪ್ಪನವರು ಫೋನ್ ಮಾಡಿದ್ದರು. ಮಲಪ್ರಭೆಯ ದಂಡೆಗೆ ಅವರ ನಾಲ್ಕು ಎಕರೆ ಕಬ್ಬು. ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಯಾರವೋ ಎಮ್ಮೆ ನುಗ್ಗಿ ಎಳೆ ಸುಳಿ ಮೇಯುತ್ತಿದ್ದವು. ಊರಿನ ಎಲ್ಲ ಎಮ್ಮೆಗಳ ಕಿವಿಗೂ ದನದ ದವಾಖಾನೆಯವರು ಹಳದಿ ಬಿಲ್ಲೆ ಹೊಡೆದಿದ್ದಾರೆ. ಅದರ ಮೇಲೆ ನಂಬರ್ ಇರುತ್ತದೆ. “ಆ ನಂಬರ್ ಕಾಣಬೇಕ್ರಿ, ಅಷ್ಟ” ಅಂದರು.

ನಾನೇನು ಮಾಡಿದೆ? ಅಂಗಡಿಯಲ್ಲಿದ್ದ ಭಾರೀ ಕ್ಯಾಮರಾ ಒಯ್ದೆ. ಎಂಟು ಮೆಗಾಪಿಕ್ಸೆಲ್, ಅಗಲ ನೋಟದ 2.8 ಎಂಎಂ ಲೆನ್ಸ್. ಪಂಪ್‌ಸೆಟ್ ಮನೆಯ ಮಾಳಿಗೆ ಮೇಲೆ ಏರಿಸಿದೆ. ಮೊಬೈಲಿನಲ್ಲಿ ಹೊಲ, ನದಿ, ಆಚೆ ದಂಡೆಯ ಗಿಡ, ಎಲ್ಲವೂ ಕಂಡವು. ನೆರೆದವರು “ಏನ್ ಕ್ಲಿಯರ್ ಐತ್ರೀ!” ಅಂದರು. ನಾನು ಉಬ್ಬಿಹೋದೆ.

ಎರಡೇ ದಿನಕ್ಕೆ ಎಮ್ಮೆ ನುಗ್ಗಿತು, ಚಿತ್ರವೂ ಬಂತು. ಶಿವಲಿಂಗಪ್ಪನವರು ನನ್ನನ್ನೂ ಕರೆಸಿ ನಾಲ್ಕು ಮಂದಿ ಹಿರಿಯರ ಮುಂದೆ ತೋರಿಸಿದರು. ಕರಿ ಮೈ, ಕಿವಿಯ ಜಾಗದಲ್ಲಿ ಒಂದು ಹಳದಿ ಚುಕ್ಕಿ. ಹಿಗ್ಗಿಸಿದಷ್ಟೂ ಚುಕ್ಕಿ ಮಸುಕಾಯಿತೇ ಹೊರತು ಅಂಕಿ ಮೂಡಲಿಲ್ಲ. ಆದರೂ ಅವರು, “ಮತ್ಯಾರದು, ಭಾಗೂಬಾಯಿದ” ಅಂದರು. ಹನ್ನೊಂದು ಎಮ್ಮೆ ಇದ್ದದ್ದು ಅವಳೊಬ್ಬಳಿಗೇ. ಅವು ದಿನಾ ನೀರಿಗೆ ಹೋಗುತ್ತಿದ್ದದ್ದೂ ಆ ಹೊಲದ ಬದುವಿನ ದಾರಿಯಿಂದಲೇ. ಹಿರಿಯರು ತಲೆದೂಗಿದರು. ಆ ಸಂಜೆಯೇ ದಾರಿಗೆ ಜಾಲಿಮುಳ್ಳು ಬಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ತುಟಿ ಬಿಚ್ಚಲಿಲ್ಲ.

ಎಂಟನೇ ದಿನ ಭಾಗೂಬಾಯಿ ಬಸ್ಸು ಹತ್ತಿ ನನ್ನ ಅಂಗಡಿಗೇ ಬಂದಳು. ಐವತ್ತರ ಆಸುಪಾಸು, ಕಚ್ಚೆ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದ ತುಂಬ ದವಾಖಾನೆಯ ಕಾರ್ಡು, ಎಮ್ಮೆಗೊಂದರಂತೆ.

“ಅಣ್ಣಾರ, ನಿಮ್ಮ ಕ್ಯಾಮರಾದಾಗ ಯಾವ ನಂಬರ್ ಬಂದೈತಿ, ಓದಿ ತೋರಸ್ರಿ. ನಂದಿದ್ರ ಒಪ್ಪಗೋತೀನಿ. ಮೂರು ಕಿಲೋಮೀಟರ್ ಸುತ್ತ ಹೊಡದು ನೀರ ಕುಡಸಾಕತ್ತೀನಿ. ಗಬ್ಬದ ಎಮ್ಮಿ ಎರಡು ಅದಾವ, ದಾರ್ಯಾಗ ಕುಂದರತಾವ.”

ಓದಲು ಅಲ್ಲೇನಿತ್ತು? ನಾಚಿಕೆಯಾಯಿತು. ಕಾಗದ ತೆಗೆದುಕೊಂಡು ಮೊದಲೇ ಹಾಕಬೇಕಿದ್ದ ಲೆಕ್ಕ ಆಗ ಹಾಕಿದೆ. ಪಂಪ್‌ಸೆಟ್ ಮನೆಯಿಂದ ಎಮ್ಮೆ ಕಂಡ ಜಾಗಕ್ಕೆ ಅರವತ್ತು ಮೀಟರ್. ಅಷ್ಟು ದೂರದಲ್ಲಿ 2.8 ಎಂಎಂ ಲೆನ್ಸ್ ನೂರು ಮೀಟರಿಗೂ ಹೆಚ್ಚು ಅಗಲ ನೋಡುತ್ತದೆ. ಆ ಕ್ಯಾಮರಾದ ಚಿತ್ರ ಅಡ್ಡಲಾಗಿ 3840 ಪಿಕ್ಸೆಲ್, ಅಂದರೆ ಅಷ್ಟು ಸಂಖ್ಯೆಯ ಸಣ್ಣ ಚುಕ್ಕಿಗಳು. ಅಷ್ಟಗಲಕ್ಕೆ ಹಂಚಿದರೆ ಆರು ಸೆಂಟಿಮೀಟರ್ ಬಿಲ್ಲೆಯ ಪಾಲಿಗೆ ಬರುವುದು ಎರಡೇ ಪಿಕ್ಸೆಲ್. ಒಂದು ಸೆಂಟಿಮೀಟರ್ ಎತ್ತರದ ಅಂಕಿ ಓದಬೇಕಾದರೆ ಆ ಅಂಕಿಗೇ ಹದಿನೈದಾದರೂ ಬೇಕು. ನಾಲ್ಕು ಮೆಗಾಪಿಕ್ಸೆಲ್ ಕ್ಯಾಮರಾ ಸಾಕು, ಆದರೆ ಅದು 1.7 ಮೀಟರ್ ಅಗಲ ಮಾತ್ರ ನೋಡಬೇಕು. ಅರವತ್ತು ಮೀಟರಿನಿಂದ ಹಾಗೆ ನೋಡಲು 190 ಎಂಎಂ ಲೆನ್ಸ್ ಬೇಕು, ಅದು ನನ್ನಲ್ಲಿರಲಿಲ್ಲ. ಹನ್ನೆರಡು ಮೀಟರಿನಿಂದಾದರೆ 38 ಎಂಎಂ. 5ರಿಂದ 50 ಎಂಎಂವರೆಗೆ ತಿರುಗಿಸಬಹುದಾದ ಲೆನ್ಸ್ ಅಂಗಡಿಯಲ್ಲೇ ಧೂಳು ತಿನ್ನುತ್ತಿತ್ತು.

“ಆದ್ರ ಬಾಯಾರ, ಒಂದೂವರಿ ಮೀಟರ್ ಜಾಗದಾಗ ಎಮ್ಮಿ ಬಂದು ನಿಂದರಬೇಕಲ್ಲ?”

“ನಿಂದರತಾವ್ರೀ. ಹೊಲದ ಬಂಡಿ ಬಾಗಲಾ ಅಗಲ ಐತಿ, ಓಡಕೋತ ಹೋಗತಾವ. ಸಂದಿ ಸಣ್ಣದು ಮಾಡ್ರಿ. ಸಣ್ಣ ಸಂದಿ ಕಂಡ್ರ ಎಮ್ಮಿ ನಿಂತು, ಮೂಸಿ, ಕಿವಿ ಮುಂದ ಮಾಡಿ ಆಮ್ಯಾಲೆ ಕಾಲಿಡತೈತಿ.”

ಹದಿನೆಂಟು ವರ್ಷದಲ್ಲಿ ಇಂಥ ಮಾತು ನನಗೆ ಯಾರೂ ಹೇಳಿರಲಿಲ್ಲ. ಶಿವಲಿಂಗಪ್ಪನವರಿಗೆ ಫೋನ್ ಹಚ್ಚಿ, ತಪ್ಪು ನನ್ನದು, ನಾಲ್ಕು ದಿನ ದಾರಿ ಬಿಡಿ ಎಂದು ಕೇಳಿಕೊಂಡೆ. ಗೊಣಗುತ್ತ ಒಪ್ಪಿದರು. ಮರುದಿನ ಭಾಗೂಬಾಯಿ ದಾರಿಗೆ ಬಡಿದಿದ್ದ ಮುಳ್ಳನ್ನೇ ಎಳೆದು ತಂದು ಬಂಡಿ ಬಾಗಿಲಿನ ಎರಡೂ ಬದಿಗೆ ಒಟ್ಟಿ, ಒಂದು ಎಮ್ಮೆ ಹಿಡಿಯುವಷ್ಟೇ ಸಂದಿ ಉಳಿಸಿದಳು. ಹನ್ನೆರಡು ಮೀಟರ್ ಅಳೆದು ಕಂಬ ನೆಟ್ಟೆ. ಉದುರಿದ ಹಳೆಯ ಬಿಲ್ಲೆಯೊಂದನ್ನು ಅವಳು ಎಮ್ಮೆ ಕಿವಿಯ ಎತ್ತರಕ್ಕೆ ಹಿಡಿದು ನಿಂತಳು. ಅದರ ಅಂಕಿ ಒಡೆದು ಕಾಣುವವರೆಗೆ ಫೋಕಸ್ ತಿರುಗಿಸಿದೆ. ತನ್ನ ಎಮ್ಮೆಯೇ ಸಿಕ್ಕಿಬೀಳಬಹುದು ಎಂದು ಗೊತ್ತಿದ್ದೂ ಅವಳು ಬಿಲ್ಲೆಯನ್ನು ಕ್ಯಾಮರಾಕ್ಕೆ ನೇರವಾಗಿಯೇ ಹಿಡಿದಿದ್ದಳು.

ನಾಲ್ಕು ದಿನದಲ್ಲಿ ಮೂರು ಎಮ್ಮೆ ಆ ಸಂದಿ ದಾಟಿದ್ದವು. ಅದೇ ಹಿರಿಯರ ಮುಂದೆ ಲ್ಯಾಪ್‌ಟಾಪ್ ಬಿಚ್ಚಿದೆ. ದವಾಖಾನೆಯ ಪಟ್ಟಿಯ ಪ್ರಕಾರ ಮೊದಲನೆಯ ನಂಬರ್ ಊರಿನ ಬೇರೆ ಮನೆಯದು. ಎರಡನೆಯದು ಶಿವಲಿಂಗಪ್ಪನವರ ಅಣ್ಣನ ಮನೆಯದೇ! ಅವರು ಕೆಮ್ಮಿ ಟವೆಲ್ ಸರಿ ಮಾಡಿಕೊಂಡರು. ನನಗೆ ಒಳಗೊಳಗೇ ಖುಷಿ. ಮೂರನೆಯ ಚಿತ್ರ ತೆಗೆದೆ. ನಾನು ಅಂಕಿ ಓದುವ ಮೊದಲೇ ಭಾಗೂಬಾಯಿ ಬಾಯಿ ಬಿಟ್ಟಳು.

“ನಂಬರ್ ಯಾಕ್ರೀ ಅಣ್ಣಾರ, ಇಕೀ ನಮ್ಮ ಚಂದ್ರಿ.”

ಕಾರ್ಡು ತೆಗೆದು ತಾನೇ ಮುಂದಿಟ್ಟಳು. “ತಪ್ಪು ಇಕೀದು ಖರೇ. ಇಕೀನ್ನ ಕಟ್ಟಿ ಮೇಯಸ್ತೀನಿ. ಉಳದ ಹತ್ತು ಏನ್ ಮಾಡ್ಯಾವ್ರೀ ಗೌಡ್ರ? ಅವಕ್ಕ ನೀರ ಬಿಡ್ರಿ.”

ಶಿವಲಿಂಗಪ್ಪನವರು ಕಾರ್ಡನ್ನು ಅವಳ ಕಡೆಗೆ ಸರಿಸಿ, “ಮುಳ್ಳು ತಿರಗಿ ದಾರಿಗೆ ಹೋಗೂದು ಬ್ಯಾಡ” ಅಂದರು.

ಈಗಲೂ ಗಿರಾಕಿಗಳು ಬಂದ ಕೂಡಲೇ ಕೇಳುವುದು ಎಷ್ಟು ಮೆಗಾಪಿಕ್ಸೆಲ್, ಎಷ್ಟು ದೂರ ಕಾಣುತ್ತದೆ ಎಂದೇ. ಏನು ಓದಬೇಕು, ಅದು ಎಲ್ಲಿ ಬಂದು ನಿಲ್ಲುತ್ತದೆ ಎಂದು ನಾನು ತಿರುಗಿ ಕೇಳುತ್ತೇನೆ. ಲೆನ್ಸ್ ಆಮೇಲೆ. ಓದಲಾಗದ ಚಿತ್ರ ಬಂದರೆ, ಇದರಲ್ಲಿ ಯಾರ ಗುರುತೂ ಸಿಗುವುದಿಲ್ಲ ಎಂದು ಎಲ್ಲರೆದುರೇ ಹೇಳಿಬಿಡುತ್ತೇನೆ. ಅವತ್ತು ಹಳದಿ ಚುಕ್ಕಿಯ ಮುಂದೆ ಆ ಒಂದು ಮಾತು ಹೇಳಿದ್ದರೆ ಸಾಕಿತ್ತು. ನನ್ನ ಕ್ಯಾಮರಾ ಹೊಗಳಿಸಿಕೊಳ್ಳುವ ಆಸೆಗೆ ಸುಮ್ಮನಿದ್ದೆ, ಎರಡು ಗಬ್ಬದ ಎಮ್ಮೆ ಎಂಟು ದಿನ ಮೂರು ಕಿಲೋಮೀಟರ್ ನಡೆದವು.