ಬಳ್ಳಾರಿ ಬಿಸಿಲಿಗೊಂದು ಹೀಟರ್

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಹತ್ತಿರ ಒಂದು ಹಳೆಯ ಮಿಲಿಟರಿ ಜೀಪು ಇತ್ತು. ಹರಾಜಿನಲ್ಲಿ ಕೊಂಡದ್ದು. ಹಿಮ ಬೀಳುವ ಯಾವುದೋ ಗಡಿಯಲ್ಲಿ ಓಡಾಡಿ ಬಂದ ಗಾಡಿಯಾದ್ದರಿಂದ ಅದರ ಡ್ಯಾಶ್‌ಬೋರ್ಡಿನ ಕೆಳಗೆ ಹೀಟರ್ ಇತ್ತು. ಬಳ್ಳಾರಿಯಲ್ಲಿ ಹೀಟರ್ ಇರುವ ಜೀಪು ಎಂದರೆ ಜನ ಮೊದಲು ನಂಬುತ್ತಿರಲಿಲ್ಲ, ನಂಬಿದ ಮೇಲೆ ನಗುತ್ತಿದ್ದರು.

ನಾನು ಡೀಸೆಲ್ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದೆ. ಸಿರುಗುಪ್ಪ, ರಾರಾವಿ, ಕುರುಗೋಡು ಕಡೆ ಎಲ್ಲಿ ಎಂಜಿನ್ ಕೆಟ್ಟರೂ ಯಾರಾದರೂ ಬಸ್ಸಿಗೆ ಬಂದು ಹೇಳಿ ಹೋಗುವರು. ನಾನು ಸಾಮಾನು ಹೇರಿಕೊಂಡು ಹೊರಡುವೆ. ಸತ್ಯನಾರಾಯಣಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಹೆಂಡತಿ ಕಾಮಾಲೆಯಾಗಿ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ನಮ್ಮ ಮದುವೆಯಾಗಿ ಮೂರು ವರ್ಷ ಕೂಡ ತುಂಬಿರಲಿಲ್ಲ. ಮೊದಮೊದಲು ಬಂಧುಗಳು ಬರುತ್ತಿದ್ದರು. ಬಂದವರ ಜೊತೆ ನಾನು ಮಾತಾಡದೆ ಕೂತಿರುತ್ತಿದ್ದೆ, ಕ್ರಮೇಣ ಅವರೂ ಬರುವುದನ್ನು ಬಿಟ್ಟರು. ಹಗಲು ಹೇಗೋ ಎಂಜಿನ್ನಿನ ಸದ್ದಿನಲ್ಲಿ ಕಳೆಯುತ್ತಿತ್ತು. ಸಂಜೆ ಮನೆಯ ಬೀಗ ತೆಗೆಯುವ ಹೊತ್ತು ಮಾತ್ರ ಬಹಳ ಕಷ್ಟ. ಬೆಳಿಗ್ಗೆ ಚಹಾ ಕುಡಿದಿಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು.

ಜೀಪಿನ ಮೀಟರುಗಳೆಲ್ಲ ಸತ್ತಿದ್ದವು. ವೇಗವನ್ನು ಕಿವಿಯಿಂದ ಅಂದಾಜು ಮಾಡುತ್ತಿದ್ದೆ, ಪೆಟ್ರೋಲನ್ನು ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡುತ್ತಿದ್ದೆ. ಒಂದು ದಿನ ಸಿರುಗುಪ್ಪದ ದಾರಿಯಲ್ಲಿ ಡ್ಯಾಶ್‌ಬೋರ್ಡಿನ ಒಳಗಿಂದ ಹೊಗೆ ಎದ್ದಿತು. ವೈರು ಕಿತ್ತು ಹೇಗೋ ಬಳ್ಳಾರಿ ಮುಟ್ಟಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ವೈರಿಂಗ್ ಮಿಸ್ತ್ರಿಯ ಹತ್ತಿರ ಹೋದೆ. ಅರವತ್ತು ದಾಟಿದ ಮನುಷ್ಯ. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಓಣಿಯವರೆಲ್ಲ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

"ಹಳೇದು ಎಲ್ಲಾ ತೆಗದು ಹೊಸಾ ತಗಡು ಕೂಡ್ಸೋಣು. ಹೊಸಾ ಮೀಟರ್, ಹೊಸಾ ವೈರ್," ಎಂದರು ಚಾಚಾ.

"ಈ ಹೀಟರ್ ಕಿತ್ತು ಒಗೀರಿ," ಎಂದೆ.

ಅವರು ಮೊಣಕಾಲೂರಿ ಬಗ್ಗಿ ನೋಡಿದರು. "ಯಾಕ್ರಿ ಕೀಳೂದು? ಚಲೋ ಐತಿ. ಇದರಾಗ ಎಂಜಿನ್ ನೀರ ಹರೀತೈತಿ. ಬ್ಯಾಸಗ್ಯಾಗ ಎಂಜಿನ್ ಕುದ್ದಾಗ ಇದನ್ನ ತೆರದ್ರ ಬಿಸಿ ಎಲ್ಲಾ ಗಾಡಿ ಒಳಗ ಬರತೈತಿ. ನಿಮ್ಮ ಕಾಲು ಸುಡತಾವ, ಎಂಜಿನ್ ಉಳೀತೈತಿ."

ಇದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ನನ್ನ ಕಸುಬೇ ಎಂಜಿನ್. ಆದರೂ ನನ್ನ ಬಾಯಿಂದ, "ಹೌದೇನ್ರಿ ಚಾಚಾ? ಅದು ಹೆಂಗ?" ಎಂಬ ಮಾತು ಬಂತು.

ಅವರು ಎರಡು ಚಹಾ ತರಿಸಿದರು. ವೈರಿನ ತುಂಡಿನಿಂದ ನೆಲದ ಧೂಳಿನಲ್ಲಿ ಎಂಜಿನ್ ಬರೆದರು, ರೇಡಿಯೇಟರ್ ಬರೆದರು, ನೀರು ಹೋಗುವ ದಾರಿ ಬರೆದರು. ಕಾಲು ಗಂಟೆ ಹೇಳಿದರು. ಒಂದೂವರೆ ವರ್ಷದಲ್ಲಿ ನನ್ನ ಎದುರು ಕೂತು ಯಾರೂ ಅಷ್ಟು ಹೊತ್ತು ಮಾತಾಡಿರಲಿಲ್ಲ.

ಮೂರು ದಿನದ ಕೆಲಸ ಅದು. ಮೊದಲ ದಿನ ಹಳೆಯ ತಗಡಿನ ಬೋಲ್ಟುಗಳನ್ನು ಪಾನಾ ಹಿಡಿದು ನಾನೇ ಬಿಚ್ಚಿಕೊಟ್ಟೆ. ಹೊಸ ತಗಡಿಗೆ ಚಾಚಾ ಅರದಿಂದ ತೀಡಿ ತೀಡಿ ದುಂಡನೆಯ ತೂತು ಮಾಡಿದರು. ವೇಗದ ಮೀಟರು, ಪೆಟ್ರೋಲಿನ ಮೀಟರು, ಬ್ಯಾಟರಿಯ ಮೀಟರು ಒಂದೊಂದಾಗಿ ಕೂತವು. ನಾಲ್ಕನೆಯ ದಿನ ನಾನು ಎಂಜಿನ್ ಬಿಸಿ ತೋರಿಸುವ ಮೀಟರೂ ಬೇಕು ಎಂದೆ. ಅದಾದ ಮೇಲೆ ಮೀಟರುಗಳ ಹಿಂದೆ ಚಿಕ್ಕ ದೀಪ. ಆಮೇಲೆ ಹೀಟರಿನ ಲಿವರು ಬಿಗಿಯಾಗಿದೆ, ಎಳೆದರೆ ಬರುವುದಿಲ್ಲ ಎಂದೆ. ಅದರ ಕೇಬಲ್ಲಿಗೆ ಒಂದಿಷ್ಟು ಗ್ರೀಸು ಸಾಕಾಗಿತ್ತು. ಚಾಚಾ ಅದನ್ನೂ ಹೇಳಿಕೊಟ್ಟರು, ನಾನು ಹೊಸದಾಗಿ ಕಲಿಯುವವನ ಹಾಗೆ ತಲೆಯಾಡಿಸಿದೆ. ದಿನಾ ಸಂಜೆ ಕೆಲಸ ಮುಗಿಸಿ ನೇರ ಅಲ್ಲಿಗೇ ಹೋಗುತ್ತಿದ್ದೆ. ಚಾಚಾ ತಮ್ಮ ಮೊಮ್ಮಕ್ಕಳ ಸುದ್ದಿ ಹೇಳುವರು, ಗುಂತಕಲ್ಲಿನ ಮಗಳ ಸುದ್ದಿ ಹೇಳುವರು. ನಾನು ಹೆಂಡತಿಯ ವಿಷಯ ಎತ್ತಲಿಲ್ಲ, ಅವರೂ ಕೇಳಲಿಲ್ಲ.

ಮಾಡಿಸಲು ಏನೂ ಉಳಿಯದಿದ್ದಾಗ ನಾನೊಂದು ಕೆಲಸ ಮಾಡಿದೆ. ಹೇಳಲು ಈಗಲೂ ಮುಜುಗರ. ಮನೆಯ ಮುಂದೆ ಜೀಪು ನಿಲ್ಲಿಸಿ, ಬ್ಯಾಟರಿ ಮೀಟರಿನ ಹಿಂದಿನ ವೈರನ್ನು ಸ್ಕ್ರೂ ಸಡಿಲಿಸಿ ನನ್ನ ಕೈಯಾರೆ ಕಿತ್ತೆ. "ಮುಳ್ಳು ಏಳವಲ್ಲದು ಚಾಚಾ," ಎಂದು ಹೋಗಿ ನಿಂತೆ. ಅವರು ಸ್ಕ್ರೂ ನೋಡಿದರು, ನನ್ನನ್ನೊಮ್ಮೆ ನೋಡಿದರು, ವೈರು ಸೇರಿಸಲು ಕೂತರು.

ಅಷ್ಟರಲ್ಲಿ ಕುರುಗೋಡಿನ ರೈತನೊಬ್ಬ ಟ್ರ್ಯಾಕ್ಟರಿನ ಹಾರ್ನ್ ಹಿಡಿದುಕೊಂಡು ಅಂಗಡಿಗೆ ಬಂದ. ಹಿಂದಿನ ತಿಂಗಳಷ್ಟೇ ಅವನ ಪಂಪ್‌ಸೆಟ್ ರಿಪೇರಿ ಮಾಡಿದ್ದೆ. ನನ್ನನ್ನು ಕಂಡು ಅವನ ಮುಖ ಅರಳಿತು.

"ಅರೆ, ನೀವು ಇಲ್ಲಿ ಅದೀರೇನ್ರಿ! ಚಾಚಾ, ಇವ್ರ ಕೈಗುಣ ಏನ್ ಹೇಳ್ತೀರಿ! ನಮ್ಮ ಎಂಜಿನ್ ಪೂರಾ ಬಿಚ್ಚಿ ಎರಡು ತಾಸಿನ್ಯಾಗ ಕೂಡ್ಸಿ ಕೊಟ್ರು. ಇವ್ರಿಗೆ ತಿಳೀಲಾರದ್ದು ಯಾವುದೂ ಇಲ್ಲ."

ಚಾಚಾ ತಲೆ ಎತ್ತಲಿಲ್ಲ. ನನ್ನ ಕಿವಿ ಬಿಸಿಯಾಯಿತು. ರೈತ ಹಾರ್ನ್ ಕೊಟ್ಟು ಹೋದ.

"ನನಗ ಮೊದಲನೇ ದಿನಾನ ಗೊತ್ತಿತ್ತು ಬೇಟಾ," ಎಂದರು ಚಾಚಾ. "ಪಾನಾ ಹಿಡಿಯೂದು ನೋಡಿದ್ರ ಗೊತ್ತಾಗಂಗಿಲ್ಲೇನು? ವೈರ್ ಕೀಳಬ್ಯಾಡ. ಚಾ ಕುಡ್ಯಾಕ ಗಾಡಿ ಕೆಡಬೇಕೇನು? ಹಂಗ ಬಾ."

ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಬೈದಿದ್ದರೆ ನಕ್ಕು ಮರೆಯಬಹುದಿತ್ತು. ಆ ಅಂತಃಕರಣವನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ನಾನು ಎಷ್ಟು ಒಂಟಿ ಎಂಬುದು ಒಬ್ಬರಿಗೆ ಗೊತ್ತಾಗಿಬಿಟ್ಟಿತ್ತು. ಮರುದಿನ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಆ ಓಣಿ ತಪ್ಪಿಸಿ ಸುತ್ತು ಹಾಕಿ ಮನೆಗೆ ಹೋಗತೊಡಗಿದೆ.

ಎರಡು ತಿಂಗಳು ಕಳೆಯಿತು. ಬೇಸಿಗೆ ಬಂತು. ರಾರಾವಿಯಲ್ಲಿ ಕೆಟ್ಟ ದೊಡ್ಡ ಪಂಪೊಂದನ್ನು ಹೇರಿಕೊಂಡು ಮಟಮಟ ಮಧ್ಯಾಹ್ನ ಬಳ್ಳಾರಿಗೆ ಬರುತ್ತಿದ್ದೆ. ಸಿರುಗುಪ್ಪ ದಾಟಿದ ಮೇಲೆ ಬಿಸಿಯ ಮುಳ್ಳು ಏರತೊಡಗಿತು, ನೋಡುನೋಡುತ್ತಲೇ ಕೆಂಪು ಗೆರೆಯ ಹತ್ತಿರ ಬಂತು. ನಾನು ಲಿವರು ಎಳೆದೆ. ಕುಲುಮೆಯ ಬಾಯಿ ತೆರೆದ ಹಾಗೆ ಬಿಸಿಗಾಳಿ ಕಾಲಿಗೆ ಬಡಿಯಿತು. ಚಪ್ಪಲಿಯೊಳಗೆ ಪಾದ ಬೆಂದಂತಾಯಿತು, ಬೆವರು ಕಣ್ಣಿಗಿಳಿಯಿತು. ಐದಾರು ನಿಮಿಷದಲ್ಲಿ ಮುಳ್ಳು ನಿಧಾನ ಹಿಂದೆ ಸರಿಯಿತು. ನಾನು ಜೋರಾಗಿ ನಕ್ಕೆ. ನಕ್ಕ ಸದ್ದು ನನಗೇ ಅಪರಿಚಿತವಾಗಿತ್ತು. ಪಕ್ಕದ ಸೀಟು ಖಾಲಿ. ಇದನ್ನು ಯಾರಿಗಾದರೂ ಹೇಳಲೇಬೇಕು ಅನ್ನಿಸಿತು. ನೇರ ಚಾಚಾನ ಓಣಿಗೆ ಜೀಪು ತಿರುಗಿಸಿದೆ.

ಅಂಗಡಿಗೆ ಬೀಗ ಬಿದ್ದಿತ್ತು. ಎದುರಿನ ಚಹಾದವನು ಹೇಳಿದ: "ಚಾಚಾ ಗುಂತಕಲ್ಲಿಗೆ ಮಗಳ ಹತ್ರ ಹೋದ್ರು. ಕಣ್ಣು ಪೂರಾ ಮಂಜ ಆಗಿದ್ವು, ಸಣ್ಣ ವೈರ್ ಕಾಣತಿದ್ದಿಲ್ಲ. ಹೋಗೂ ತನಕ ನಿಮ್ಮನ್ನ ಕೇಳ್ತಿದ್ರು, ಜೀಪಿನಾಂವ ಬಂದಿದ್ನೇನು ಅಂತ."

ನಿಂತಲ್ಲೇ ಚಹಾ ಕುಡಿದೆ. ಮಗಳ ಮನೆ ಯಾವ ಕಡೆ ಎಂದು ಕೇಳಿ, ಅವನು ಹೇಳಿದ್ದನ್ನು ಬಿಲ್ ಪುಸ್ತಕದ ಹಿಂದೆ ಬರೆದುಕೊಂಡೆ. ಗುಂತಕಲ್ಲು ದೂರವೇನಲ್ಲ. ಬೆಳಿಗ್ಗೆ ರೈಲು ಹತ್ತಿದರೆ ಸಂಜೆಗೆ ವಾಪಸು ಬರಬಹುದು. ಈ ವಾರ ಹೋದರಾಯಿತು, ಬರುವ ವಾರ ಹೋದರಾಯಿತು ಅಂದುಕೊಳ್ಳುತ್ತಲೇ ಮಳೆಗಾಲ ಬಂತು, ಪಂಪುಗಳ ಕೆಲಸ ಕಡಿಮೆಯಾಯಿತು, ಕೈಯಲ್ಲಿ ಬೇಕಾದಷ್ಟು ಬಿಡುವಿತ್ತು. ಆದರೂ ಗಾಡಿ ಕೆಟ್ಟ ನೆಪವಿಲ್ಲದೆ ಅವರ ಮುಂದೆ ಹೋಗಿ ನಿಲ್ಲಲು ನಾಚಿಕೆಯಾಗಿ ನಾನು ಹೋಗಲಿಲ್ಲ.