ಸೂಗಪ್ಪ ಮಾಸ್ತರರ ರಾಜಿನಾಮಾ

ಸಭೆ ಹತ್ತೂವರೆಗೆ ಎಂದು ಕಾರ್ಡಿನಲ್ಲಿ ಬರೆದರೆ ನಮ್ಮ ಟ್ರಸ್ಟಿನ ಸದಸ್ಯರು ಹನ್ನೊಂದೂವರೆಗೆ ಬರುತ್ತಾರೆ. ಒಂಬತ್ತೂವರೆ ಎಂದು ಬರೆದರೂ ಹನ್ನೊಂದೂವರೆಗೇ ಬರುತ್ತಾರೆ. ಹದಿನಾಲ್ಕು ವರ್ಷ ಆ ವಾರ್ಷಿಕ ಸಭೆಗಳ ನಡಾವಳಿ ಬರೆದವಳು ನಾನು, ಜಯದೇವಿ. ಬ್ಯಾಂಕಿನಲ್ಲಿ ಕ್ಲಾರ್ಕು. ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ಸಿಕ್ಕಿಬಿದ್ದವಳು. ಸಿಕ್ಕಿಸಿದವರು ಸೂಗಪ್ಪ ಮಾಸ್ತರರು. ನನಗಿಂತ ಬಿಗಿಯಾಗಿ ಸಿಕ್ಕಿಬಿದ್ದವರು ಅವರೇ ಆದ್ದರಿಂದ ಅವರ ಮೇಲೆ ನನಗೆ ಸಿಟ್ಟು ಬಹಳ ದಿನ ನಿಲ್ಲುತ್ತಿರಲಿಲ್ಲ.

ಮಾಸ್ತರರು ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು. ಹುಟ್ಟೂರು ಕಮಲಾಪುರ. ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಊರಿಗೆ ಹೋದಾಗ, ಬಾಳೆತೋಟಗಳ ಆಚೆಯ ಹಳೆಯ ಮೆಟ್ಟಿಲು ಬಾವಿಯಿಂದ ಯಾರೋ ಕಲ್ಲು ಕಿತ್ತು ಮನೆಯ ಪಾಯಕ್ಕೆಂದು ಬಂಡಿಗೆ ಹೇರುತ್ತಿದ್ದರು. ಒಂದು ಕಲ್ಲಿನ ಮೇಲೆ ಹಳಗನ್ನಡದ ಅಕ್ಷರಗಳಿದ್ದವು. ಮಾಸ್ತರರು ವಾದ ಮಾಡಲಿಲ್ಲ. ಹೋಗಿ ಆ ಕಲ್ಲಿನ ಮೇಲೆ ಕುಳಿತರು, ಸಂಜೆಯ ತನಕ ಏಳಲಿಲ್ಲ. ಮರುವರ್ಷ ಸ್ಮಾರಕ ರಕ್ಷಣೆಯ ಟ್ರಸ್ಟ್ ಆಯಿತು. ಕುಳಿತವರು ಕಾರ್ಯದರ್ಶಿಯಾದರು, ನಿಂತು ನೋಡಿದವರು ಟ್ರಸ್ಟಿಗಳಾದರು.

ಅಲ್ಲಿಂದ ಪ್ರತಿ ರವಿವಾರ ಏಳು ಗಂಟೆಯ ಬಸ್ಸಿಗೆ ಅವರು ಕಮಲಾಪುರಕ್ಕೆ ಹೋಗುತ್ತಿದ್ದರು. ಬಾವಿಯೊಳಗೆ ಬೆಳೆದ ಜಾಲಿ ಕಡಿಸುವುದು, ಹೂಳು ತೆಗೆಸುವುದು, ಶಾಸನದ ಕಲ್ಲಿನ ಮೇಲೆ ಬಟ್ಟೆ ಒಗೆಯುವವರನ್ನು ಕೈಮುಗಿದು ಎಬ್ಬಿಸುವುದು. ಅದು ಅವರಿಗೆ ಭಾರವಾಗಿರಲಿಲ್ಲ. ಅವರನ್ನು ಅರೆದದ್ದು ವರ್ಷಕ್ಕೊಮ್ಮೆ ಆಗಸ್ಟಿನಲ್ಲಿ ಬರುತ್ತಿದ್ದ ಸಭೆ ಮತ್ತು ಚುನಾವಣೆ.

ಒಂಬತ್ತು ಟ್ರಸ್ಟಿಗಳಲ್ಲಿ ಮೂವರು ಪ್ರತಿ ವರ್ಷ ನಿವೃತ್ತರಾಗಬೇಕು, ಆ ಜಾಗಕ್ಕೆ ನಾಮಪತ್ರ ಬರಬೇಕು. ಯಾರೂ ಕೊಡುತ್ತಿರಲಿಲ್ಲ. ಮಾಸ್ತರರು ನಿವೃತ್ತರಾಗುವವರ ಮನೆಗೇ ಹೋಗಿ, ನೀವೇ ಮತ್ತೆ ನಿಲ್ಲಿ ಎಂದು ಬೇಡಿ, ಸೂಚಕರ ಸಹಿಗೆ ಇನ್ನೊಂದು ಮನೆ, ಅನುಮೋದಕರ ಸಹಿಗೆ ಮತ್ತೊಂದು ಮನೆ ಎಂದು ಊರೆಲ್ಲ ಸುತ್ತುತ್ತಿದ್ದರು. ಅರವತ್ತೆರಡು ಸದಸ್ಯರಿಗೆ ಇಪ್ಪತ್ತೊಂದು ದಿನ ಮೊದಲೇ ಕಾರ್ಡು ಬರೆಯಬೇಕು. ಸಭೆಗೆ ಇಪ್ಪತ್ತೊಂದು ಜನ ಸೇರಿದರೆ ಮಾತ್ರ ಕೋರಂ. ಸೇರದಿದ್ದರೆ ಅರ್ಧ ಗಂಟೆ ಮುಂದೂಡಿ, ಆಮೇಲೆ ಇದ್ದಷ್ಟೇ ಜನರಲ್ಲಿ ನಡೆಸಬಹುದು ಎಂದು ನಿಯಮವಿತ್ತು. ನಮ್ಮ ಟ್ರಸ್ಟು ಬದುಕಿದ್ದೇ ಆ ಅರ್ಧ ಗಂಟೆಯ ಮೇಲೆ. ಎಲ್ಲರೂ ಕಮಲಾಪುರದ ಶಾಲೆಯ ವರಾಂಡದಲ್ಲಿ, ತಿಂಡಿ ಮಾಡುವ ಬಂಡಮ್ಮನ ಸುಸಲಾ ಎಂಬ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತಾ ಗಡಿಯಾರ ನೋಡುತ್ತಿದ್ದೆವು. ಪೀರಪ್ಪನೆಂಬ ಟ್ರಸ್ಟಿಯಂತೂ ಹಾಜರಿಗೆ ಸಹಿ ಹಾಕಿ, ಮಿರ್ಚಿಯನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಹೊರಟೇಬಿಡುತ್ತಿದ್ದ.

ಮಾಸ್ತರರ ಮನೆ ಶರಣಬಸವೇಶ್ವರ ಗುಡಿಯ ಹತ್ತಿರ. ಹೆಂಡತಿ ನೀಲಗಂಗಮ್ಮ. ಮಕ್ಕಳಿರಲಿಲ್ಲ. ತೊಂಬತ್ತರ ಹೊತ್ತಿಗೆ ಆಕೆಯ ಕಣ್ಣು ಮಬ್ಬಾಗಿತ್ತು. ಕಾಚಬಿಂದು ಎಂದು ಡಾಕ್ಟರು ಹೇಳಿದ್ದರು, ಅದು ಸುಧಾರಿಸುವಂಥದ್ದಲ್ಲ. ವಾರದ ದಿನಗಳಲ್ಲಿ ಮಾಸ್ತರರಿಗೆ ಶಾಲೆ, ಟ್ಯೂಷನ್ನು. ಉಳಿದದ್ದು ರವಿವಾರ, ಆಕೆಯ ಬಾಯಲ್ಲಿ ಐತಾರ. ಗುಡಿಯ ತನಕ ಕೈಹಿಡಿದು ಕರೆದುಕೊಂಡು ಹೋಗಿ, ಸ್ವಲ್ಪ ಹೊತ್ತು ಕೂರಿಸಿ ಕರೆತಂದರೆ ಸಾಕು ಎನ್ನುತ್ತಿದ್ದರು ಆಕೆ. ಒಮ್ಮೆ ನನ್ನೆದುರಿಗೇ ಹೇಳಿದರು:

“ಎಲ್ಲಾ ಐತಾರ ಬಾವಿಗೇ ಕೊಟ್ರ ಹ್ಯಾಂಗ್ರಿ? ಕಣ್ಣು ಪೂರಾ ಹೋಗೋದ್ರಾಗ ಗುಡಿ ನೋಡ್ತೀನಿ ಅಂದ್ರ ಕರಕೊಂಡ್ ಹೋಗೋರು ಬೇಕಲ್ಲ.”

“ಈ ಸಲ ಬಿಟ್ಟು ಬಿಡ್ತೇನಿ,” ಎಂದರು ಮಾಸ್ತರರು. “ಸಭಾ ಒಂದು ಆಗ್ಲಿ.”

ಅದು ತೊಂಬತ್ತಮೂರು. ಆ ಸಭೆಯಲ್ಲಿ ಅವರು ಅಧ್ಯಕ್ಷರ ಕೈಗೆ ಒಂದೇ ಸಾಲಿನ ಪತ್ರ ಕೊಟ್ಟರು: ‘ಕಾರ್ಯದರ್ಶಿ ಸ್ಥಾನದ ಬಗ್ಗೆ ನನ್ನ ರಾಜೀನಾಮೆಯನ್ನು ಸಭೆಗೆ ಸಲ್ಲಿಸುತ್ತಿದ್ದೇನೆ.’

ಅಧ್ಯಕ್ಷರು ಜಗದೇವಪ್ಪನವರು. ಜಿಲ್ಲಾ ಕೋರ್ಟಿನಲ್ಲಿ ಕಡತ ಮಂಡಿಸುವ ಪೇಶ್ಕಾರರಾಗಿದ್ದು ನಿವೃತ್ತರಾದವರು. ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿದವರು, ಈಗಲೂ ಬೆಳಿಗ್ಗೆ ಉರ್ದು ಪೇಪರೇ ಓದುತ್ತಿದ್ದರು. ಕನ್ನಡ ಓದುವಾಗ ಬೆರಳಿಟ್ಟು ಓದಬೇಕು. ಅವರ ಕೋರ್ಟಿನಲ್ಲಿ ರಾಜಿನಾಮಾ ಎಂದರೆ ವಾದಿ ಪ್ರತಿವಾದಿ ಒಪ್ಪಿಕೊಂಡು ಬರೆದುಕೊಡುವ ಕಾಗದ, ಒಪ್ಪಿಗೆಪತ್ರ. ಕೆಲಸ ಬಿಡುವುದಕ್ಕೆ ಅವರಲ್ಲಿ ಇಸ್ತೀಫಾ ಎನ್ನುತ್ತಾರೆ. ಅವರು ಬೆರಳಿಟ್ಟು ಓದಿದರು, ಮುಖ ಅರಳಿತು.

“ಮಾಸ್ತರ್ರು ರಾಜಿನಾಮಾ ಕೊಟ್ಟಾರ. ಮುಂದಿನ ವರ್ಷಕ್ಕೂ ರಾಜಿ ಅದಾರ. ಚಪ್ಪಾಳಿ ಹೊಡೀರಿ.”

ಹೊಡೆದರು. ಮಿರ್ಚಿ ತಣ್ಣಗಾಗುತ್ತಿತ್ತು, ಎಲ್ಲರಿಗೂ ಅವಸರ. ಮಾಸ್ತರರು ಎದ್ದು ನಿಂತರು, ಬಾಯಿ ತೆರೆದರು, ಹಿರಿಯರ ತಪ್ಪನ್ನು ನಾಲ್ಕು ಜನರೆದುರು ಹೇಗೆ ತಿದ್ದುವುದೆಂದು ತಿಳಿಯದೆ ಮತ್ತೆ ಕುಳಿತರು. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ಮನುಷ್ಯ.

ನನಗೆ ತಿಳಿದಿತ್ತು. ನಾನು ಹೇಳಬಹುದಿತ್ತು. ಹೇಳಲಿಲ್ಲ. ಮಾಸ್ತರರು ಬಿಟ್ಟರೆ ಕೆಲಸ ಯಾರ ತಲೆಗೆ ಬರುತ್ತದೆಂದು ಆ ಕೋಣೆಯಲ್ಲಿ ಯಾರೂ ನನ್ನಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ಸುಮ್ಮನೆ ದುಂಡಗಿನ ಅಕ್ಷರದಲ್ಲಿ ಬರೆದೆ.

ಮುಂದಿನ ವರ್ಷವೂ ಅದೇ ಸಾಲು, ಅದೇ ಬೆರಳು, ಅದೇ ಚಪ್ಪಾಳೆ. ಅದರ ಮುಂದಿನ ವರ್ಷ ಸಭೆಗೆ ಬಸ್ಸಿನಲ್ಲಿ ಹೋಗುವಾಗ ನಾನೇ ತಡೆಯಲಾರದೆ ಹೇಳಿದೆ, “ಸರ್, ಇಸ್ತೀಫಾ ಅಂತ ಬರೀರಿ. ಅವರಿಗೆ ತಿಳೀತದ.”

“ಕನ್ನಡ ಮಾಸ್ತರ ಅದೀನಿ ತಂಗಿ. ಕನ್ನಡದಾಗ ಶಬ್ದ ಇಲ್ಲೇನು?”

“ರಾಜೀನಾಮೆ ನಿಮ್ಮ ಹಳಗನ್ನಡದ ಶಬ್ದ ಏನ್ರಿ?”

ಅವರು ನಕ್ಕರು. ಆದರೆ ಶಬ್ದ ಬದಲಿಸಲಿಲ್ಲ. ಅವರಿಗೂ ಒಳಗೆಲ್ಲೋ ಆ ತಪ್ಪು ಬೇಕಾಗಿತ್ತೋ ಏನೋ. ಬಿಟ್ಟೆ ಎಂದು ಹೆಂಡತಿಗೂ ಹೇಳಬಹುದು, ಬಿಡಲಿಲ್ಲವೆಂದು ಬಾವಿಗೂ ಹೇಳಬಹುದು. ಈಗ ಹಾಗೆ ಅನ್ನಿಸುತ್ತದೆ. ಆಗ ಬರೀ ಮೊಂಡುತನ ಅನ್ನಿಸಿತ್ತು.

ಆ ಸಂಜೆ ನಡಾವಳಿಗೆ ಸಹಿ ಮಾಡಿಸಲು ಅವರ ಮನೆಗೆ ಹೋದೆ. ನೀಲಗಂಗಮ್ಮ ಬಾಗಿಲಲ್ಲೇ ಕುಳಿತಿದ್ದರು. ನನ್ನ ಧ್ವನಿ ಕೇಳಿ ಮುಖವೆತ್ತಿದರು. “ಬಿಟ್ರೇನವ್ವಾ?” ಎಂದರು. ಮಾಸ್ತರರು ಚಪ್ಪಲಿ ಬಿಚ್ಚುತ್ತಾ ನಿಂತಿದ್ದರು. ನಾನು ಇಲ್ಲವೆಂದೆ. ಆಕೆ ಗೋಡೆ ಹಿಡಿದು ಎದ್ದು ಚಹಾಕ್ಕೆ ನೀರಿಡಲು ಒಳಗೆ ಹೋದರು. ಅಷ್ಟು ನಾಚಿಕೆ ನನಗೆ ಬೇರೆ ಯಾವತ್ತೂ ಆಗಿಲ್ಲ.

ತೊಂಬತ್ತಾರರ ಬೇಸಿಗೆಯಲ್ಲಿ ನೀಲಗಂಗಮ್ಮ ಜ್ವರ ಬಂದು ಒಂಬತ್ತೇ ದಿನದಲ್ಲಿ ತೀರಿಕೊಂಡರು. ಕೊನೆಕೊನೆಗೆ ಕಣ್ಣು ಪೂರ್ತಿ ಹೋಗಿತ್ತು. ಗುಡಿಗೆ ಕರೆದುಕೊಂಡು ಹೋದದ್ದು ಮೂರು ವರ್ಷದಲ್ಲಿ ಏಳೋ ಎಂಟೋ ಸಲ ಎಂದು ಮಾಸ್ತರರೇ ಹೇಳಿದರು. ಯಾರೂ ಕೇಳಿರಲಿಲ್ಲ. ಅವರೇ ಎಣಿಸಿ ಹೇಳಿದರು.

ಆ ವರ್ಷ ಸಭೆ ನಡೆಯುವುದಿಲ್ಲವೆಂದುಕೊಂಡಿದ್ದೆ. ಇಪ್ಪತ್ತೊಂದು ದಿನ ಮೊದಲು, ಸರಿಯಾಗಿ, ನನ್ನ ಬ್ಯಾಂಕಿಗೆ ಕಾರ್ಡು ಬಂತು. ಅದೇ ಅಕ್ಷರ.

ಅಂದು ಶಾಲೆಯ ವರಾಂಡದಲ್ಲಿ ಆ ಅರ್ಧ ಗಂಟೆ ಕಳೆಯುವಾಗ ಜಗದೇವಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು.

“ತಂಗಿ, ರಾಜೀನಾಮೆ ಅಂದ್ರ ಕನ್ನಡದಾಗ ಇಸ್ತೀಫಾ. ಹೌದಿಲ್ಲೋ?”

“ಹೌದ್ರಿ.”

“ಮೊದಲನೇ ವರ್ಷ ಖರೇನೇ ತಿಳೀಲಿಲ್ಲ. ಮನೀಗಿ ಹೋದ ಮ್ಯಾಲ ಮಗಳು ಹೇಳಿದ್ಲು. ಮುಂದ ಎರಡು ವರ್ಷ ತಿಳಿದೂ ತಿಳೀಲಾರದಂಗ ಮಾಡೀನಿ. ಅವರು ಬಿಟ್ರ ಬಾವಿ ಮುಳುಗ್ತದ ಅಂತ.” ಅವರು ಊರುಗೋಲಿನ ತುದಿ ನೋಡುತ್ತಾ ನಿಂತರು. “ಆ ಹೆಣ್ಣಮಗಳದು ಪಾಪ ನನ್ನ ಮ್ಯಾಲ ಅದ. ಇವತ್ತು ಅವರನ್ನ ಬಿಡ್ತೇನಿ.”

ನನ್ನ ಮೇಲೂ ಇದೆ ಎಂದು ನಾನು ಹೇಳಲಿಲ್ಲ. ಆ ವರ್ಷದ ಮೂವರು ಟ್ರಸ್ಟಿಗಳು ಎಂದಿನಂತೆ ಅವಿರೋಧವಾಗಿ ಆಯ್ಕೆಯಾದರು. ಕೊನೆಗೆ ಮಾಸ್ತರರು ಎದ್ದು ಬಂದು ಪತ್ರ ಕೊಟ್ಟರು. ಅದೇ ಒಂದು ಸಾಲು. ಜಗದೇವಪ್ಪನವರು ಈ ಸಲ ಬೆರಳಿಡಲಿಲ್ಲ.

“ಮಾಸ್ತರ್ರು ಇಸ್ತೀಫಾ ಕೊಟ್ಟಾರ,” ಎಂದರು. “ಹದಿಮೂರು ವರ್ಷ ದುಡದಾರ. ಇನ್ನ ಅವರಿಗೆ ನಾವು ತ್ರಾಸ ಕೊಡೋದು ಬ್ಯಾಡ. ಮಂಜೂರ್ ಮಾಡೋಣ.”

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಪೀರಪ್ಪ ಕೂಡ ಆವತ್ತು ಎದ್ದು ಹೋಗಿರಲಿಲ್ಲ. ಒಬ್ಬೊಬ್ಬರ ಕಣ್ಣೂ ನನ್ನ ಕಡೆ ತಿರುಗತೊಡಗಿದವು. ಈ ಸಲ ಹೂಂ ಅನ್ನಲೇಬೇಕೆಂದು ನಾನು ಪೆನ್ನು ಕೆಳಗಿಟ್ಟೆ.

ಮಾಸ್ತರರು ಇನ್ನೂ ಮೇಜಿನ ಹತ್ತಿರವೇ ನಿಂತಿದ್ದರು.

“ಅಧ್ಯಕ್ಷರ, ನೀವು ತಪ್ಪು ಓದಿದ್ರಿ,” ಎಂದರು. ಅವರು ಅಧ್ಯಕ್ಷರನ್ನು ತಿದ್ದಿದ್ದು ಅದೇ ಮೊದಲು. “ಈ ಸಲ ನಾ ಬರದಿದ್ದು ನಿಮ್ಮ ಕೋರ್ಟಿನ ರಾಜಿನಾಮಾರಿ.”

ಜಗದೇವಪ್ಪನವರು ಪತ್ರವನ್ನೂ ಅವರ ಮುಖವನ್ನೂ ನೋಡಿದರು.

“ಐತಾರ ಬರ್ತದಲ್ರಿ,” ಎಂದರು ಮಾಸ್ತರರು, ದಣಿದ ಧ್ವನಿಯಲ್ಲಿ, ಯಾರಲ್ಲೂ ಏನೂ ಕೇಳದವರ ಹಾಗೆ. “ಮನ್ಯಾಗ ಯಾರದಾರ?”

ಸಭೆ ಮುಗಿಯಿತು. ನಾನು ಪೆನ್ನೆತ್ತಿಕೊಂಡು ನಡಾವಳಿ ಪುಸ್ತಕದಲ್ಲಿ ಕೊನೆಯ ಸಾಲು ಬರೆದೆ: ಕಾರ್ಯದರ್ಶಿಗಳು ರಾಜಿನಾಮಾ ಕೊಟ್ಟರು, ಸಭೆ ಒಪ್ಪಿತು. ಯಾವ ಅರ್ಥದ್ದು ಎಂದು ಬರೆಯಲಿಲ್ಲ.